ಶಿಸ್ತು ಯಾರ ಸೊತ್ತು?

ನಮ್ಮ ಭಾತಂಬ್ರಾದ ಕಡೆಯ ತಂದೆತಾಯಿಗಳು ಮಗುವನ್ನು ಭಾಲ್ಕಿಗೋ ಬೀದರಿಗೋ ಕಳಿಸಿ ಕಾನ್ವೆಂಟಿಗೆ ಸೇರಿಸುವುದಕ್ಕೆ ಹೇಳುವ ಕಾರಣಗಳು ಎರಡು: ಒಂದು ಇಂಗ್ಲಿಷು, ಇನ್ನೊಂದು ಶಿಸ್ತು. ಇಂಗ್ಲಿಷಿನ ಮಾತು ಇನ್ನೊಮ್ಮೆ ಆಡಬಹುದು. ಆದರೆ ತೊಗರಿ, ಸೋಯಾ ಮಾರಿ ಬಂದ ಹಣವನ್ನು ಶಿಸ್ತಿಗೆಂದು ಎಣಿಸಿ ಕೊಡುವವರು, ಆ ಶಿಸ್ತೆಂಬುದು ಎಂತಹ ಪದಾರ್ಥವೆಂದು ವಿಚಾರಿಸುವುದು ಅಪರೂಪ. ಪಾಲಿಷು ಹಾಕಿದ ಬೂಟು, ಇಸ್ತ್ರಿಯ ಅಂಗಿ, ಸಾಲುಗಟ್ಟಿ ನಡೆಯುವ ಮಕ್ಕಳು, ಗಂಟೆ ಬಾರಿಸಿದೊಡನೆ ಕವಿಯುವ ಮೌನ, ಇಷ್ಟು ಕಣ್ಣಿಗೆ ಬಿದ್ದರೆ ಅವರಿಗೆ ತೃಪ್ತಿ. ಕಾನ್ವೆಂಟು ಎಂದರೆ ಮೂಲತಃ ಕೆಥೋಲಿಕ ಸನ್ಯಾಸಿನಿಯರ ಮಠ. ಈಗ ಆ ಹೆಸರು ಹೊತ್ತ ಶಾಲೆಗಳೆಲ್ಲ ಅವರವಲ್ಲವಾದರೂ, ಶಿಸ್ತಿನ ಕೀರ್ತಿ ಮಾತ್ರ ಅಲ್ಲಿಂದಲೇ ಬಂದದ್ದು.

ಆ ಕೀರ್ತಿ ಬರಿಯ ಬೆತ್ತದಿಂದ ಬಂದದ್ದಲ್ಲವೆಂಬುದನ್ನು ಗಮನಿಸಬೇಕು. 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದ ಯೇಸುಸಭೆಯವರು, ತಮ್ಮ ಶಾಲೆಗಳಿಗಾಗಿ 1599ರಷ್ಟು ಹಿಂದೆಯೇ ಒಂದು ವ್ಯಾಸಂಗಕ್ರಮವನ್ನು ಬರೆದಿಟ್ಟಿದ್ದರು. ಒಳ್ಳೆಯ ಮಾತಿಗೂ ಎಚ್ಚರಿಕೆಗೂ ಹುಡುಗ ಬಗ್ಗದಿದ್ದರೆ ಹೊಡೆಯುವ ಕೆಲಸಕ್ಕೆ ಸಭೆಗೆ ಸೇರದ ಬೇರೊಬ್ಬನನ್ನು ನೇಮಿಸಬೇಕು, ಗುರು ತಾನೇ ಕೈಯೆತ್ತಬಾರದು ಎಂಬುದು ಅಲ್ಲಿಯ ಕ್ರಮ. ಇದು ದಯೆಯೋ ಜಾಣತನವೋ ಹೇಳುವುದು ಕಷ್ಟ. ಏಟು ತಿಂದವನ ಬೆನ್ನಿಗೆ ಎರಡೂ ಒಂದೇ. ಆದರೂ ಕಲಿಸುವ ಕೈ ಬೇರೆ, ದಂಡಿಸುವ ಕೈ ಬೇರೆ ಇರಬೇಕೆಂಬ ಅರಿವು ಅದರಲ್ಲಿದೆ. ಇಟಲಿಯ ತೂರಿನ್ ನಗರದಲ್ಲಿ ಬಡ ಹುಡುಗರನ್ನು ಸಾಕಿ ಓದಿಸಿದ ಡಾನ್ ಬಾಸ್ಕೊ ಇನ್ನೂ ಮುಂದೆ ಹೋದನು. ತಪ್ಪು ಮಾಡುವವರೆಗೆ ಕಾದು ದಂಡಿಸುವುದು ಒಂದು ಬಗೆ, ತಪ್ಪಿಗೆ ಎಡೆಯಾಗದಂತೆ ಹುಡುಗರ ನಡುವೆಯೇ ಇರುವುದು ಇನ್ನೊಂದು ಬಗೆ ಎಂದು ವಿಂಗಡಿಸಿ, 1877ರಲ್ಲಿ ಎರಡನೆಯದರ ಪರವಾಗಿ ಬರೆದನು. ಆಟದ ಬಯಲಿನಲ್ಲಿಯೂ ಗುರು ಹುಡುಗರ ಜೊತೆಗಿರಬೇಕೆಂಬುದು ಅವನ ಹಟ. ಇದು ಬೆತ್ತ ಹಿಡಿಯುವುದಕ್ಕಿಂತ ಬಹಳ ಶ್ರಮದ ಕೆಲಸ. ಇದಕ್ಕೆ ಅನುಯಾಯಿಗಳು ಕಡಿಮೆಯಾದುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ನಮ್ಮ ದೇಶದಲ್ಲಿ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಮಗುವಿನ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಎರಡನೆಯ ಮಾತನ್ನು ನಾವು ಸಾಕಷ್ಟು ಓದಿಕೊಂಡಿಲ್ಲ. ಕನ್ನಡ ಆಡಿದ ಮಗುವಿನಿಂದ ದಂಡ ವಸೂಲು ಮಾಡುವ ಇಂಗ್ಲಿಷ್ ಶಾಲೆಗಳ ದೂರು ಕರ್ನಾಟಕದಲ್ಲಿ ಹಳೆಯದು. ಇದನ್ನೂ ಶಿಸ್ತೆಂದೇ ಕರೆಯುತ್ತಾರೆ! ಮನೆಯಲ್ಲಿ ಕನ್ನಡ, ನೆರೆಮನೆಯಲ್ಲಿ ಮರಾಠಿ, ಪೇಟೆಯಲ್ಲಿ ಉರ್ದು ಆಡಿ ಬೆಳೆಯುವ ನಮ್ಮ ಸೀಮೆಯ ಮಗುವಿಗೆ ನಾಲ್ಕನೆಯ ಭಾಷೆ ಭಾರವಾಗಲಾರದು. ತಾಯಿಯ ಮಾತು ಅಪರಾಧವೆಂದು ಕಲಿಯುವುದೇ ಭಾರ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. 1956ರಲ್ಲಿ ಬೀದರ ಜಿಲ್ಲೆ ಕನ್ನಡ ರಾಜ್ಯಕ್ಕೆ ಸೇರಿತು. ಅಂದು ಕದ್ದು ಕಲಿಯಬೇಕಾಗಿದ್ದ ಮಾತನ್ನು ಇಂದಿನ ಮಗು ಕದ್ದು ಆಡಬೇಕೆಂದರೆ ಆ ಹಿರಿಯರಿಗೆ ನಾವೇನು ಉತ್ತರ ಹೇಳಬೇಕು?

ಕೆಥೋಲಿಕರ ವಿಷಯದಲ್ಲಿ ನ್ಯಾಯವಾದ ಮಾತನ್ನೂ ಹೇಳಬೇಕು. 2024ರ ಏಪ್ರಿಲಿನಲ್ಲಿ ಭಾರತದ ಕೆಥೋಲಿಕ ಬಿಷಪರ ಸಮ್ಮೇಳನವು ತಮ್ಮ ಶಾಲೆಗಳಿಗೆ ಸೂಚನೆಗಳನ್ನು ಕೊಟ್ಟು, ಅನ್ಯಮತದ ಮಕ್ಕಳ ಮೇಲೆ ಕ್ರೈಸ್ತ ಆಚರಣೆಗಳನ್ನು ಹೇರಬಾರದೆಂದೂ, ಪ್ರತಿದಿನದ ಸಭೆಯಲ್ಲಿ ಸಂವಿಧಾನದ ಪೀಠಿಕೆಯನ್ನು ಓದಿಸಬೇಕೆಂದೂ ಹೇಳಿತು. ಶಾಲೆ ತನ್ನ ಮೇಲೆಯೇ ಹಾಕಿಕೊಂಡ ನಿಯಮವಿದು. ಮಕ್ಕಳಿಗೆ ನಿಯಮ ಹಾಕುವವರಿಗೆ ಸಾಮಾನ್ಯವಾಗಿ ಇದು ಹೊಳೆಯುವುದಿಲ್ಲ.

ಹಾಗೆಂದು ಸರಕಾರಿ ಕಾಲೇಜಿನ ನಾವು ಕಾನ್ವೆಂಟಿನ ಸಾಲು ನಡಿಗೆಯನ್ನು ಕಂಡು ನಗುವುದು ಸಲ್ಲದು. ಬೂಟು ಅಂಗಿಗಳನ್ನು ಬಿಟ್ಟರೂ ಅಲ್ಲಿಯ ಒಳ್ಳೆಯ ಶಾಲೆಗಳಲ್ಲಿ ಉಳಿಯುವುದು ಒಂದಿದೆ: ಮಕ್ಕಳಿಗಿಂತ ಮುಂಚೆ ಗುರು ತರಗತಿಯಲ್ಲಿರುತ್ತಾರೆ, ಬರೆದ ಪುಸ್ತಕ ತಿದ್ದಿಕೊಂಡು ಮರಳಿ ಬರುತ್ತದೆ. ಇದಕ್ಕೆ ಹಣ ಬೇಕಿಲ್ಲ, ಇಂಗ್ಲಿಷೂ ಬೇಕಿಲ್ಲ. ನಮ್ಮಲ್ಲಿ ಶಿಸ್ತೆಂದರೆ ಶೇಕಡ 75ರ ಹಾಜರಿ. ಅದು ಕಡಿಮೆ ಬಿದ್ದಾಗ ಪರೀಕ್ಷೆಯ ಹೊತ್ತಿಗೆ ನಡೆಯುವ ಓಡಾಟ. ಹಾಜರಿ ಪುಸ್ತಕ ನಮ್ಮ ಹೆಸರನ್ನು ಕೂಗುತ್ತದೆ. ಪಾಠ ಎಷ್ಟು ಗಂಟೆಗೆ ಮೊದಲಾಯಿತೆಂದು ಬರೆಯುವ ಅಂಕಣ ಅದರಲ್ಲಿಲ್ಲ. ನಮ್ಮ ಪೂಜ್ಯ ಅಧ್ಯಾಪಕರು ಇದನ್ನು ಆಕ್ಷೇಪಣೆಯೆಂದು ಎಣಿಸಬಾರದು. ತಡವಾಗಿ ಬಂದು ಹಿಂದಿನ ಬೆಂಚಿನಿಂದ ಹೆಸರಿಗೆ ಮಾತ್ರ ಓಗೊಟ್ಟು ಹೋಗುವ ಮಿತ್ರರಿಗೂ ಇದೇ ಮಾತು.

ನನ್ನದೊಂದು ಸಲಹೆ. ಮುಂದಿನ ವರ್ಷದ ಮೊದಲ ವಾರದಲ್ಲಿ ಪ್ರಾಂಶುಪಾಲರು, ಅಧ್ಯಾಪಕರು, ತರಗತಿಗೊಬ್ಬರಂತೆ ವಿದ್ಯಾರ್ಥಿ ಪ್ರತಿನಿಧಿಗಳು ಕೂಡಿ ಕುಳಿತು, ಎರಡು ಕಡೆಯವರೂ ಪಾಲಿಸಬೇಕಾದ ನಿಯಮಗಳನ್ನು ಬರೆಯಲಿ. ಅದು ಕನ್ನಡದಲ್ಲಿರಲಿ, ಒಂದೇ ಹಾಳೆಯಲ್ಲಿರಲಿ. ನಿಯಮ ಮುರಿದವರ ಹೆಸರಿಗಿಂತ ಮೊದಲು ಆ ಹಾಳೆ ನೋಟೀಸು ಬೋರ್ಡಿಗೆ ಏರಲಿ.