ಚೀಟಿ ಬರೆಯುವವ ಸಿಕ್ಕ, ‘ಫಿಕ್ಸ್’ ಮಾರುವವ ಎಲ್ಲಿ?

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಅಪರಾಧ ಸುದ್ದಿಗಳಲ್ಲಿ ನಾಲ್ಕು ಸಾಲು ಮಾಮೂಲಾಗಿ ಬರುತ್ತವೆ. ಮಟಕಾ ಬರೆಯುತ್ತಿದ್ದವನ ಬಂಧನ; ಒಂದಿಷ್ಟು ನಗದು, ಅಂಕಿ ಬರೆದ ಒಂದು ಓ.ಸಿ. ಚೀಟಿ, ಒಂದು ಬಾಲ್‌ಪೆನ್ ವಶ. ಕರ್ನಾಟಕ ಪೊಲೀಸ್ ಕಾಯ್ದೆಯ 78ನೇ ಕಲಮಿನಡಿ ಕೇಸು ದಾಖಲು. ಸಿಕ್ಕವನು ಕಮಿಷನ್ನಿಗೆ ದುಡಿಯುವವನು. ಆ ಚೀಟಿಯಲ್ಲಿದ್ದ ಅಂಕಿಯನ್ನು ‘ಇವತ್ತು ಇದು ಫಿಕ್ಸ್’ ಎಂದು ಮೊಬೈಲಿನಲ್ಲಿ ಮಾರಿದವನ ಮಾತೇ ಅಲ್ಲಿರುವುದಿಲ್ಲ. ಅವನನ್ನು ಜೂಜುಕೋರ ಎನ್ನುವುದೇ ತಪ್ಪು. ಅವನು ವಂಚಕ. ವಂಚಕನೆಂದೇ ಅವನನ್ನು ಹಿಡಿಯಬೇಕು.

ಇಂಥವರು ಕುದುರೆ ರೇಸಿನ ‘ಟಿಪ್’ ಕೂಡ ಮಾರುತ್ತಾರೆ. ಬೆಂಗಳೂರು ಟರ್ಫ್ ಕ್ಲಬ್ಬಿನ ಕುದುರೆ ರೇಸಿಗೆ ಪರವಾನಗಿ ಕೊಡಬೇಕೋ ಬೇಡವೋ ಎಂಬ ಜಗಳ 2024ರಲ್ಲಿ ಹೈಕೋರ್ಟ್ ಮೆಟ್ಟಿಲೇರಿತು. ಆನ್‌ಲೈನ್ ಆಟಗಳಿಗೆ ರಾಜ್ಯ 2021ರಲ್ಲಿ ಹಾಕಿದ ನಿಷೇಧವನ್ನು ಅದೇ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ತೆಗೆದುಹಾಕಿತ್ತು. ಕುದುರೆ ರೇಸು ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಕೌಶಲವೋ ಅದೃಷ್ಟವೋ ಎಂಬ ಈ ಚರ್ಚೆ ಕೋರ್ಟಿನಲ್ಲಿ ನಡೆಯಲಿ. ಟಿಪ್ ಮಾರುವವನು ಮಾತ್ರ ಅದನ್ನು ತನ್ನ ಬಂಡವಾಳ ಮಾಡಿಕೊಂಡಿದ್ದಾನೆ. ‘ನಂದು ಜೂಜಲ್ಲ, ಅಭ್ಯಾಸ, ಲೆಕ್ಕ’ ಎನ್ನುತ್ತಾನೆ.

ಕುದುರೆಯಲ್ಲಿ ಅಭ್ಯಾಸಕ್ಕೆ ಜಾಗವಿದೆ, ಒಪ್ಪೋಣ. ತಳಿ, ಹೊರುವ ಭಾರ, ಜಾಕಿ, ಓಡುವ ದೂರ, ನೆಲದ ಹಸಿ ಇವೆಲ್ಲ ಫಲಿತಾಂಶವನ್ನು ಬದಲಿಸುತ್ತವೆ. ಖಾಲಿ ಚಕ್ಕಡಿ ಶರ್ಯತ್ತು ನೋಡಿ ಬೆಳೆದ ನಮ್ಮ ರೈತನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಎತ್ತಿನ ಕಾಲು ನೋಡಿಯೇ ಅವನು ಮಾತಾಡುತ್ತಾನೆ. ಆದರೆ ರೇಸಿನಲ್ಲಿ ಕ್ಲಬ್ಬು, ಬುಕ್ಕಿ ತಮ್ಮ ಪಾಲು ಮುರಿದುಕೊಂಡೇ ಕೊಡುತ್ತಾರೆ. ಅದರ ಮೇಲೆ, ಕಟ್ಟಿದ ಪೂರ್ತಿ ಹಣಕ್ಕೆ 2023ರ ಅಕ್ಟೋಬರಿನಿಂದ ಶೇ 28, 2025ರ ಸೆಪ್ಟೆಂಬರಿನಿಂದ ಶೇ 40 ಜಿಎಸ್‌ಟಿ. ಇದೆಲ್ಲ ಕಳೆದ ಮೇಲೂ ದಿನಾ ಗೆಲ್ಲುವ ಗುಟ್ಟು ಯಾರಿಗಾದರೂ ಗೊತ್ತಿದ್ದರೆ ಅವನು ಅದನ್ನು ಐದುನೂರು ರೂಪಾಯಿಗೆ ನಮಗೇಕೆ ಮಾರುತ್ತಾನೆ?

ಮಟಕಾದಲ್ಲಿ ಆ ಕುದುರೆಯೂ ಇಲ್ಲ. ನ್ಯೂಯಾರ್ಕ್ ಹತ್ತಿ ಪೇಟೆಯ ಆರಂಭದ, ಮುಕ್ತಾಯದ ದರಗಳು ತಂತಿಯಲ್ಲಿ ಮುಂಬೈಗೆ ಬರುತ್ತಿದ್ದ ಕಾಲದಲ್ಲಿ ಆ ದರದ ಮೇಲೆ ಪಂಥ ಕಟ್ಟುವುದರಿಂದ ಹುಟ್ಟಿದ ಆಟ ಇದು. ಹತ್ತಿಯ ದರಕ್ಕಾದರೂ ಮಳೆ, ಬೆಳೆ, ಬೇಡಿಕೆ ಎಂಬ ಕಾರಣಗಳಿದ್ದವು. 1960ರ ದಶಕದಲ್ಲಿ ಕಲ್ಯಾಣ, ವರ್ಲಿ ಮಟಕಾಗಳು ಬಂದ ಮೇಲೆ ಉಳಿದದ್ದು ಬರೀ ಎತ್ತಿದ ಅಂಕಿ. ಹತ್ತಿ ಬೆಳೆಯುವ ನಮ್ಮ ಎರೆಭೂಮಿಯ ರೈತ ಹೆಸರುಕಾಳು, ಹತ್ತಿ ಮಾರಿದ ದುಡ್ಡನ್ನು ಕಾರಣವೇ ಇಲ್ಲದ ಅಂಕಿಯ ಮೇಲೆ ಇಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಒಂದಂಕಿಗೆ ಸಾಮಾನ್ಯವಾಗಿ ಒಂದಕ್ಕೆ ಒಂಬತ್ತು ಕೊಡುತ್ತಾರೆ. ಹತ್ತೂ ಅಂಕಿಗೆ ಹತ್ತತ್ತು ರೂಪಾಯಿ ಕಟ್ಟಿದರೆ ಹೋಗುವುದು ನೂರು, ಬರುವುದು ತೊಂಬತ್ತು. ಹಳೆಯ ಅಂಕಿಗಳ ಯಾವ ಚಾರ್ಟೂ ಈ ಲೆಕ್ಕವನ್ನು ತಿದ್ದಲಾರದು.

ಹಾಗಾದರೆ ಟಿಪ್ ಮಾರುವವನ ಅಂಕಿ ಕೆಲವರಿಗೆ ಹತ್ತುವುದು ಹೇಗೆ? ಸಾವಿರ ಮಂದಿಯ ನಂಬರು ಅವನ ಬಳಿ ಇದೆ ಎನ್ನಿ. ನೂರು ನೂರು ಮಂದಿಯ ಹತ್ತು ಗುಂಪು ಮಾಡಿ, ಸೊನ್ನೆಯಿಂದ ಒಂಬತ್ತರವರೆಗೆ ಒಂದೊಂದು ಗುಂಪಿಗೆ ಒಂದೊಂದು ಅಂಕಿ ಕಳಿಸುತ್ತಾನೆ. ಒಂದು ಗುಂಪಿಗೆ ಹತ್ತಲೇಬೇಕು. ಮರುದಿನ ಆ ನೂರು ಮಂದಿಯನ್ನೇ ಹತ್ತು ಗುಂಪು ಮಾಡುತ್ತಾನೆ. ಎರಡು ದಿನ ಸತತ ಗೆದ್ದ ಹತ್ತು ಮಂದಿ ತಮ್ಮ ತಮ್ಮ ಊರಿನ ಕಟ್ಟೆಯ ಮೇಲೆ ಕೂತು ಅವನ ಹೆಸರು ಹೇಳುತ್ತಾರೆ. ಸೋತ ಒಂಬೈನೂರ ತೊಂಬತ್ತು ಮಂದಿ ನಾಚಿಕೆಯಿಂದ ಬಾಯಿ ಬಿಡುವುದಿಲ್ಲ. ಮೂರನೆಯ ದಿನ ‘ವಿಐಪಿ’ ಫೀ ಕೇಳುತ್ತಾನೆ, ಮುಂಗಡ.

ಅವನನ್ನು ಗುರುತಿಸುವುದು ಕಷ್ಟವಲ್ಲ. ಗೆದ್ದ ಸ್ಕ್ರೀನ್‌ಶಾಟ್ ತೋರಿಸುತ್ತಾನೆ, ಸೋತ ಮೆಸೇಜ್ ಅಳಿಸುತ್ತಾನೆ. ಫಲಿತಾಂಶ ಬಂದ ಮೇಲೆ ಹಳೆಯ ಮೆಸೇಜನ್ನೇ ತಿದ್ದುತ್ತಾನೆ. ಇಂಥದ್ದೇ ಆ್ಯಪ್‌ನಲ್ಲಿ ಖಾತೆ ತೆರೆಯಿರಿ ಎಂದು ಲಿಂಕ್ ಕಳಿಸಿದರಂತೂ ಎಚ್ಚರ: ಹೊಸಬರನ್ನು ತಂದುಕೊಟ್ಟವರಿಗೆ ಆ ಆ್ಯಪ್‌ಗಳು ಕಮಿಷನ್ ಕೊಡುತ್ತವೆ, ಎಷ್ಟೋ ಕಡೆ ಅದು ಆಡಿದವನು ಕಳೆದುಕೊಂಡ ಹಣದ ಪಾಲು. ನೀವು ಸೋತಷ್ಟೂ ಅವನಿಗೆ ಲಾಭ. ಆರು ತಿಂಗಳ ಸೋಲು-ಗೆಲುವು ಎರಡನ್ನೂ ತೋರಿಸು ಎಂದು ಕೇಳಿ ನೋಡಿ. ಗುಂಪಿನಿಂದ ನಿಮ್ಮನ್ನೇ ತೆಗೆದುಹಾಕುತ್ತಾನೆ.

‘ದುರಾಸೆಗೆ ಬಿದ್ದವನದೇ ತಪ್ಪು’ ಎನ್ನುವ ವಿದ್ಯಾವಂತರ ಮಾತು ನನಗೆ ಒಪ್ಪಿಗೆಯಿಲ್ಲ. ಒಂದು ವರ್ಷ ಮಳೆ ಕೈಕೊಟ್ಟು, ಇನ್ನೊಂದು ವರ್ಷ ದರ ಬಿದ್ದು, ಸೊಸೈಟಿಯ ಸಾಲ ಹಾಗೇ ಉಳಿದಾಗ ಮನುಷ್ಯ ದಾರಿ ಹುಡುಕುತ್ತಾನೆ. ಆ ಸಂಕಟವನ್ನೇ ಗುರಿಯಿಟ್ಟು ಸುಳ್ಳು ಮಾರುವವನ ತಪ್ಪಿಗೂ ಕೊಂಡವನ ತಪ್ಪಿಗೂ ಒಂದೇ ತಕ್ಕಡಿ ಸಲ್ಲದು.

ಕಾನೂನು ಇಲ್ಲ ಎಂಬ ನೆಪವೂ ಬೇಡ. ಸುಳ್ಳು ಹೇಳಿ ಹಣ ಕೊಡುವಂತೆ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಲ್ಲಿ ಏಳು ವರ್ಷದವರೆಗೆ ಶಿಕ್ಷೆಯಿದೆ. ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳ ಜಾಹೀರಾತಿಗೂ ಎರಡು ವರ್ಷದವರೆಗೆ ಜೈಲು ಹೇಳುತ್ತದೆ, ಆಡಿದವನನ್ನು ಶಿಕ್ಷಿಸುವುದಿಲ್ಲ. ಜಿಲ್ಲಾ ಪೊಲೀಸರು ಚೀಟಿ, ಬಾಲ್‌ಪೆನ್ನಿಗೆ ನಿಲ್ಲದೆ, ಸಿಕ್ಕವನ ಮೊಬೈಲಿನಿಂದ ಟಿಪ್ ಬಂದ ನಂಬರಿಗೂ, ಫೀ ಹೋದ ಬ್ಯಾಂಕ್ ಖಾತೆಗೂ ತನಿಖೆ ಒಯ್ಯಬೇಕು. ಫೀ ಕಟ್ಟಿ ಮೋಸ ಹೋದವರು ನಾಚಿಕೆ ಬಿಟ್ಟು ಇಂದೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೆಸೇಜುಗಳನ್ನು ಅಳಿಸಬೇಡಿ, ಅವೇ ಸಾಕ್ಷಿ.