ಸಣ್ಣ ಹಡಗೇ ನಮಗೆ ಸಾಕು

ಈಗ ಮಕ್ಕಳ ಮೊಬೈಲ್ ತೆರೆದರೆ ಕ್ರೂಸ್ ಹಡಗುಗಳದ್ದೇ ವೀಡಿಯೊ. 2024ರಲ್ಲಿ ಯಾನ ಶುರು ಮಾಡಿದ ‘ಐಕಾನ್ ಆಫ್ ದಿ ಸೀಸ್’ನಲ್ಲಿ ಏಳು ಸಾವಿರಕ್ಕೂ ಹೆಚ್ಚು ಪ್ರಯಾಣಿಕರು ಹಿಡಿಯುತ್ತಾರೆ. ಈಜುಕೊಳ, ಜಾರುಬಂಡೆ, ಅಂಗಡಿ ಎಲ್ಲ ಅದರೊಳಗೇ ಉಂಟು. ಇರಲಿ. ಆದರೆ ಮಾಲ್ ನೋಡಲಿಕ್ಕೆ ಸಮುದ್ರಕ್ಕೇ ಹೋಗಬೇಕಾ?

ಸಣ್ಣ ಹಡಗಿನ ಸುಖವೇ ಬೇರೆ. ಕೈಕಂಬಿ ಹಿಡಿದು ನಿಂತರೆ ನೀರು ಹತ್ತಿರದಲ್ಲೇ ಕಾಣುತ್ತದೆ. ನೂರೈವತ್ತು ಜನರಲ್ಲಿ ಸಂಜೆಯೊಳಗೆ ಅರ್ಧ ಜನರ ಊರು, ಸಂಬಂಧ ಗೊತ್ತಾಗಿಬಿಡುತ್ತದೆ. ಕುಲುಕಾಟ ಜಾಸ್ತಿ, ನಿಜ. ವಾಂತಿ ಆಗುವವರು ಮಾತ್ರೆ ತಗೊಂಡೇ ಹತ್ತಬೇಕು.

ಇದು ಬರೀ ಮೋಜಿನ ಮಾತಲ್ಲ. ದೊಡ್ಡ ಕ್ರೂಸ್ ಹಡಗು ಪಣಂಬೂರಿಗೆ ಬೆಳಗ್ಗೆ ಬರುತ್ತದೆ, ಪ್ರವಾಸಿಗರು ಬಸ್ಸಲ್ಲಿ ಕುದ್ರೋಳಿ, ಅಲೋಶಿಯಸ್ ಚಾಪೆಲ್ ನೋಡುತ್ತಾರೆ, ಸಂಜೆಗೆ ಹೊರಡುತ್ತಾರೆ. ಆಳ ಕಡಿಮೆ ಇರುವ ಮಂಗಳೂರಿನ ಹಳೆ ಬಂದರಿಗೆ ಅದು ಬರಲಾರದು. ಅಲ್ಲಿಗೆ ಬರುವುದು ಸಣ್ಣ ಹಡಗು, ಮಂಜಿಗಳೇ. ಅಕ್ಕಿ, ತರಕಾರಿ, ಜಲ್ಲಿ ಲಕ್ಷದ್ವೀಪಕ್ಕೆ ಹೋಗುವುದು, ಅಲ್ಲಿಂದ ಕೊಬ್ಬರಿ, ಒಣಮೀನು ಬರುವುದು ಇದೇ ದಾರಿಯಲ್ಲಿ. ಬಂದರಿನ ನಮ್ಮ ಬ್ಯಾರಿ ವ್ಯಾಪಾರಿಗಳಿಗೆ ಇದು ಹೊಸತಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂಬುದು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು?

ದ್ವೀಪದ ಜನ ಚಿಕಿತ್ಸೆಗೆ, ಮದುವೆ ಸಾಮಾನಿಗೆ ಇಂದಿಗೂ ಮಂಗಳೂರನ್ನು ನೆನೆಯುತ್ತಾರೆ. ಪ್ರಯಾಣಿಕರ ಹಡಗು ಮಾತ್ರ ಕೆಲವು ಕಾಲ ಬರುವುದು, ಆಮೇಲೆ ನಿಲ್ಲುವುದು. 2024ರ ಮೇ ತಿಂಗಳಲ್ಲಿ ‘ಪರಳಿ’ ಎಂಬ ವೇಗದ ಹಡಗು ನೂರರವತ್ತು ಜನರನ್ನು ಹೊತ್ತು ಸುಮಾರು ಏಳು ತಾಸಿನಲ್ಲಿ ಹಳೆ ಬಂದರು ತಲುಪಿತು. ಮೊದಲು ಹದಿಮೂರು ತಾಸು ಬೇಕಿತ್ತು. ಆವತ್ತು ಎಲ್ಲರೂ ಖುಷಿಪಟ್ಟರು. ಆ ಖುಷಿ ವೇಳಾಪಟ್ಟಿಯಾಗಿ ಗೋಡೆಗೆ ಅಂಟಬೇಕಿತ್ತು.

ಕಡಲ ಪ್ರವಾಸೋದ್ಯಮ ಎಂದಾಕ್ಷಣ ನಮ್ಮ ಸರಕಾರಗಳ ಕಣ್ಣು ದೊಡ್ಡ ಹಡಗಿನ ಮೇಲೆಯೇ ಹೋಗುತ್ತದೆ. ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕಾಗಿಯೇ ಜೆಟ್ಟಿ ಕಟ್ಟುವ ಯೋಜನೆ ಇದೆ. ಅದಕ್ಕೆ ಸರಕಿನ ಜೊತೆ ಒಂದು ಸಣ್ಣ ಪ್ರಯಾಣಿಕ ಹಡಗೂ ಬೇಕು, ಮಳೆಗಾಲ ಬಿಟ್ಟು ಉಳಿದ ತಿಂಗಳಲ್ಲಿ ತಪ್ಪದೆ ಹೋಗಿಬರುವಂಥದ್ದು. ಅದರಲ್ಲಿ ಮೊದಲ ಹಕ್ಕು ದ್ವೀಪದವರಿಗೆ, ಉಳಿದ ಸೀಟು ನಮ್ಮಂಥವರಿಗೆ. ಅಲ್ಲಿಗೆ ಹೋಗಲು ಹೇಗೂ ಪರ್ಮಿಟ್ ಬೇಕು, ಆ ಕಚೇರಿಯೂ ಬಂದರಿನ ಪಕ್ಕದಲ್ಲೇ ಇದ್ದರೆ ಒಳ್ಳೆಯದು.

ಸಿದ್ಧಾರ್ಥನಗರದ ನಾವು ಈಗ ಲಕ್ಷದ್ವೀಪ ನೋಡಬೇಕೆಂದರೆ ಕೊಚ್ಚಿಗೆ ಹೋಗಿ ಹಡಗು ಹತ್ತಬೇಕು. ಮಂಗಳೂರಿಂದ ಹಡಗು ಹೊರಡುವುದಾದರೆ, ಮೈಸೂರಲ್ಲಿ ರಾತ್ರಿ ಬಸ್ ಹತ್ತಿ ಸಂಪಾಜೆ ಘಾಟಿ ಇಳಿದರೆ ಬೆಳಗ್ಗೆ ಚಹಾ ಹೊತ್ತಿಗೆ ಬಂದರಿನಲ್ಲಿರುತ್ತೇವೆ.