ಅರಗಿನ ಮೇಲಿನ ಶಾಸನ

ಕಳೆದ ತಿಂಗಳು ಪರಸ್ಥಳದಿಂದ ಬಂದ ನೆಂಟರನ್ನು ಕರೆದುಕೊಂಡು ಬಾದಾಮಿಗೆ ಹೋಗಿದ್ದೆ. ಬಾಗಲಕೋಟೆಯ ಗೆಳೆಯರೊಬ್ಬರೂ ಜೊತೆಗಿದ್ದರು. ಬೆಳಿಗ್ಗೆ ಗುಹೆಗಳನ್ನು ನೋಡಿ, ಕೆರೆಯ ಮಗ್ಗುಲಿನ ಬಂಡೆಯ ಮೇಲೆ ಸುಮಾರು ಕ್ರಿ. ಶ. 700ರಲ್ಲಿ ಕೊರೆದ ಕಪ್ಪೆ ಅರಭಟ್ಟನ ಶಾಸನವನ್ನು ತೋರಿಸಿದೆ. ನೆಂಟರು ಕೈ ಮುಗಿಯುವುದೊಂದು ಬಾಕಿ. ಮಧ್ಯಾಹ್ನ ಊಟಕ್ಕೆಂದು ಹೋಟೆಲೊಂದನ್ನು ಹೊಕ್ಕೆವು. ಅಲ್ಲಿಯ ಗೋಡೆಗೆ ಹಳೆಯ ಗ್ರಾಮಫೋನ್ ಪ್ಲೇಟುಗಳನ್ನು ಸಾಲಾಗಿ ಮೊಳೆ ಹೊಡೆದು ಕೂಡಿಸಿದ್ದರು. ನಡುವಿನದಕ್ಕೆ ಎರಡು ಮುಳ್ಳು ಸಿಕ್ಕಿಸಿ ಗಡಿಯಾರ ಮಾಡಿದ್ದರು. ಮೂರು ನಿಮಿಷದಲ್ಲಿ ಮುಗಿಯುವ ಹಾಡಿನ ಮೇಲೆ ದಿನವಿಡೀ ಮುಳ್ಳು ತಿರುಗುತ್ತಿತ್ತು. ಹಾಡು ಮಾತ್ರ ಇಲ್ಲ.

"ಇವು ಹಾಡತಾವೇನ್ರೀ?" ಎಂದು ಮಾಣಿಯನ್ನು ಕೇಳಿದೆ.

"ಇಲ್ರೀ ಸರ, ಬರೇ ಶೋಕಿಗೆ ಹಾಕ್ಯಾರ್ರೀ" ಎಂದ.

ಅದಕ್ಕೆ ಗೆಳೆಯರು ನಕ್ಕು, "ಹಾಡಿದ್ರೂ ಏನ್ ಕೇಳ್ತೀರಿ ಮಾಸ್ತರ? ಬೆಕ್ಕಿನ ಬಾಲಾ ತುಳಿದಂಗ ಇರತೈತಿ" ಎಂದರು. ಅವರು ಓದಿದವರು, ಸಂಗೀತ ಸಭೆಗಳಿಗೆ ತಪ್ಪದೆ ಹೋಗುವವರು. ಅವರಂಥವರ ಬಾಯಲ್ಲಿಯೇ ಈ ಮಾತು ಬಂದುದರಿಂದ ಇದನ್ನು ಬರೆಯಬೇಕಾಯಿತು. ಹಳೆಯ ಧ್ವನಿಮುದ್ರಿಕೆಗಳ ಮೇಲೆ ನಮ್ಮ ರಸಿಕರು ಹೊರಿಸುವ ಆಪಾದನೆಗಳು ಮೂರು. ಒಂದು, ಆ ಧ್ವನಿ ಕೀರಲು. ಎರಡು, ಮೂರು ನಿಮಿಷದ ತುಣುಕು ಸಂಗೀತವಲ್ಲ. ಮೂರು, ಒಗೆದು ತೊಳೆದು ಹೊಸ ಬಟ್ಟೆ ತೊಡಿಸದೆ ಅದು ಇಂದಿನ ಕಿವಿಗೆ ಒಗ್ಗುವುದಿಲ್ಲ. ಮೂರೂ ತಪ್ಪೆಂಬುದು ನನ್ನ ವಾದ.

ಆದರೆ ವಾದಿಸುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ನಮ್ಮ ತಂದೆಯವರಿಗೆ ನಾಟಕದ ಹುಚ್ಚು. ಇಳಕಲ್ಲಿಗೆ ಕಂಪನಿ ಬಂದಿದೆಯೆಂದರೆ ಬಾಗಲಕೋಟೆಯಲ್ಲಿ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಹುನಗುಂದದ ಸೀಮೆ ಕಂದಗಲ್ಲ ಹನುಮಂತರಾಯರಂಥ ನಾಟಕಕಾರರನ್ನು ಹೆತ್ತ ಸೀಮೆಯೆಂಬುದು ಅವರಿಗೆ ದೊಡ್ಡ ಹೆಮ್ಮೆ. ಕೈಯಲ್ಲಿ ನಾಲ್ಕು ದುಡ್ಡು ಆಡಿದಾಗೆಲ್ಲ ಒಂದೊಂದಾಗಿ ಕೊಂಡು ನಲವತ್ತು ಪ್ಲೇಟು ಕೂಡಿಸಿದ್ದರು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ನಮ್ಮ ಮನೆ ಹೋಗಿ ನವನಗರಕ್ಕೆ ಸಾಮಾನು ಸಾಗಿಸುವಾಗ, ಭಾರವೆಂದು ಆ ಪೆಟ್ಟಿಗೆಯನ್ನು ಗುಜರಿಯವನಿಗೆ ಕೊಟ್ಟವನು ನಾನೇ. ದೇವರ ಮನೆಯ ತೊಲೆಯನ್ನು ಬಿಡದೆ ತಂದೆ, ಪ್ಲೇಟುಗಳನ್ನು ಬಿಟ್ಟೆ. ಹಾಸಿಗೆಯ ಸುರುಳಿಯಲ್ಲಿ ಸಿಕ್ಕಿಕೊಂಡಿದ್ದ ಏಳು ಮಾತ್ರ ಉಳಿದವು. ಆದ್ದರಿಂದ ಹೋಟೆಲಿನವರನ್ನು ದೂರುವ ಅಧಿಕಾರ ನನಗಿಲ್ಲ. ಅವರು ಗೋಡೆಗಾದರೂ ಹಾಕಿದ್ದಾರೆ.

ಇನ್ನು ಮೊದಲನೆಯ ಆಪಾದನೆ. ಆ ಪ್ಲೇಟುಗಳು ಹೇಗಾದವೆಂಬುದನ್ನು ತಿಳಿಯದೆ ಧ್ವನಿಯನ್ನು ಹಳಿಯುವುದು ನ್ಯಾಯವಲ್ಲ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಯ ಹೋಟೆಲಿನ ಕೋಣೆಯಲ್ಲಿ ಯಂತ್ರ ಹೂಡಿ ಗೌಹರ್ ಜಾನರನ್ನು ಹಾಡಿಸಿದ. ಆಗ ಮೈಕೂ ಇಲ್ಲ, ವಿದ್ಯುತ್ತೂ ಇಲ್ಲ. ಗಾಯಕಿ ದೊಡ್ಡ ತುತ್ತೂರಿಯ ಬಾಯಿಗೆ ಮುಖವಿಟ್ಟು ಹಾಡಬೇಕು. ಆ ಉಸಿರಿನ ಒತ್ತಡವೇ ಒಂದು ತೆಳ್ಳನೆಯ ತಗಡನ್ನು ನಡುಗಿಸಿ, ಅದಕ್ಕೆ ಕಟ್ಟಿದ ಸೂಜಿ ಮೇಣದ ಬಿಲ್ಲೆಯ ಮೇಲೆ ಗೆರೆ ಕೊರೆಯಬೇಕು. ಮೆಲ್ಲಗೆ ಹಾಡಿದರೆ ಗೆರೆ ಮೂಡದು. ತಂಬೂರಿಯ ಝೇಂಕಾರವಂತೂ ಆ ತುತ್ತೂರಿಗೆ ತಲುಪುತ್ತಲೇ ಇರಲಿಲ್ಲ. ಹಾಡಿದ್ದನ್ನು ಅಲ್ಲಿಯೇ ಕೇಳೋಣವೆಂದರೆ ಮೇಣ ಕೆಟ್ಟುಹೋಗುವುದು. ತಪ್ಪಿದರೆ ಬಿಲ್ಲೆಯನ್ನೆಸೆದು ಮೊದಲಿನಿಂದ ಹಾಡಬೇಕು. ಆ ಮೇಣ ಹಡಗು ಹತ್ತಿ ಜರ್ಮನಿಯ ಹಾನೋವರಿಗೆ ಹೋಗಿ, ಅಚ್ಚಾಗಿ, ಪ್ಲೇಟಾಗಿ ತಿರುಗಿ ಬರಬೇಕು. ಅಲ್ಲಿಯ ಕೆಲಸಗಾರರಿಗೆ ಯಾರ ಹಾಡೆಂದು ತಿಳಿಯಲೆಂದೇ ಗೌಹರ್ ಜಾನ್ ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಸಾರುತ್ತಿದ್ದರು. ಆಕೆಯೇ ಮುಂದೆ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ನಮ್ಮ ನಾಡಿನಲ್ಲಿಯೇ ಕಣ್ಣು ಮುಚ್ಚಿದರು.

ಹಾಗಾದರೆ ಕೀರಲು ಧ್ವನಿ ಎಲ್ಲಿಂದ ಬಂತು? ಬಹಳ ಮಟ್ಟಿಗೆ ನಮ್ಮ ಯಂತ್ರದಿಂದ. ಆ ಕಾಲದ ಪ್ಲೇಟುಗಳೆಲ್ಲ ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದುವೆಂಬುದು ಬರಿಯ ನಂಬಿಕೆ. ತುತ್ತೂರಿಯ ಕಾಲದಲ್ಲಿ ಕೆಲವನ್ನು ಎಪ್ಪತ್ತರ ಸುಮಾರಿನಲ್ಲಿಯೂ ಕೆಲವನ್ನು ಎಂಬತ್ತರ ಮೇಲೆಯೂ ಕೊರೆದಿದ್ದಾರೆ. ನಿಮಿಷಕ್ಕೆ 74 ಸುತ್ತಿನಲ್ಲಿ ಕೊರೆದುದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಹೆಚ್ಚುಕಡಿಮೆ ಒಂದು ಸ್ವರಸ್ಥಾನ ಮೇಲೇರುತ್ತದೆ. ಬಿಳಿ ಒಂದರ ಹಾಡು ಕರಿ ಒಂದಕ್ಕೆ ಹೋಗುತ್ತದೆ. ತಾನು ಓಡುತ್ತದೆ, ಹೆಂಗಸಿನ ಕಂಠ ಹುಡುಗಿಯದಾಗುತ್ತದೆ. ಹೀಗೆ ತಿರುಗಿಸಿದ್ದನ್ನು ಮೊಬೈಲಿನಲ್ಲಿ ಕೇಳಿ ಬೆಕ್ಕಿನ ಬಾಲದ ಮಾತಾಡುತ್ತೇವೆ. ಬಾಲ ತುಳಿದವರು ನಾವು. ಬೈಗುಳ ಮಾತ್ರ ಗಾಯಕಿಗೆ!

ಎರಡನೆಯ ಆಪಾದನೆಯಲ್ಲಿ ಸ್ವಲ್ಪ ಸತ್ಯವಿದೆಯೆಂದು ಒಪ್ಪುತ್ತೇನೆ. ಹತ್ತಿಂಚಿನ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯುವುದು ಮೂರು ನಿಮಿಷ, ಹನ್ನೆರಡಿಂಚಿನದಕ್ಕೆ ನಾಲ್ಕರ ಮೇಲೆ ಸ್ವಲ್ಪ. ಒಂದು ಗಂಟೆಯ ವಿಲಂಬಿತ ಖ್ಯಾಲು ಅದರಲ್ಲಿ ಹಿಡಿಯದು. ಆದರೆ ಚಿಕ್ಕದೆಲ್ಲ ತುಣುಕಲ್ಲ. ಹುನಗುಂದದ ನೆಲದ ಕೂಡಲಸಂಗಮದಲ್ಲಿ ನಿಂತು ಯಾರಾದರೂ, ವಚನ ನಾಲ್ಕೇ ಸಾಲು, ಆದ್ದರಿಂದ ಕಾವ್ಯವಲ್ಲವೆಂದಾರೆಯೇ? ಕಪ್ಪೆ ಅರಭಟ್ಟನ ಬಂಡೆಯ ಮೇಲಿರುವುದೂ ಮೂರು ಸಾಲಿನ ತ್ರಿಪದಿಗಳೇ. ಎಡೆ ಕಡಿಮೆಯೆಂದು ತಿಳಿದವನು ಬೇಡದ ಮಾತನ್ನು ಬಿಡುತ್ತಾನೆ. ಮಲ್ಲಿಕಾರ್ಜುನ ಮನಸೂರರು 1930ರ ದಶಕದಲ್ಲಿ ಗೌಡ ಮಲ್ಹಾರ ಮತ್ತು ಅಡಾಣಗಳನ್ನು ಪ್ಲೇಟಿಗೆ ಹಾಡಿದಾಗ ಮಾಡಿದ್ದು ಅದನ್ನೇ.

ಪ್ಲೇಟಿನ ಹಾಡು ಸತ್ತ ಹಾಡೆನ್ನುವವರು ಇನ್ನೊಂದು ಸಂಗತಿಯನ್ನು ನೆನೆಯಲಿ. ಗದುಗಿನ ಹುಡುಗನೊಬ್ಬ ಅಂಗಡಿಯಲ್ಲಿ ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳಿ, ಹಾಡಿದರೆ ಹೀಗೆ ಹಾಡಬೇಕೆಂದು 1933ರಲ್ಲಿ ಮನೆ ಬಿಟ್ಟು ಓಡಿದ. ಆ ಹುಡುಗ ಭೀಮಸೇನ ಜೋಶಿ. ಧಾರವಾಡದಲ್ಲಿ ಬಾಲೆ ಗಂಗೂಬಾಯಿ ಗ್ರಾಮಫೋನಿನ ದನಿ ಕೇಳಿದರೆ ಬೀದಿಗೆ ಓಡುತ್ತಿದ್ದರು. ಇಂಥ ಇಬ್ಬರನ್ನು ಎಬ್ಬಿಸಿದ ವಸ್ತುವನ್ನು ಸತ್ತದ್ದೆನ್ನುವುದು ಹೇಗೆ?

ಮೂರನೆಯ ಆಪಾದನೆಯೇ ಎಲ್ಲಕ್ಕಿಂತ ಅಪಾಯಕರವಾದುದು. ಏಕೆಂದರೆ ಅದು ಪ್ರೀತಿಯ ವೇಷದಲ್ಲಿ ಬರುತ್ತದೆ. ಹಳೆಯ ಹಾಡನ್ನು ಉಳಿಸುತ್ತೇವೆಂದು ಹೇಳಿ ಕೆಲವರು ಮೊದಲು ಪ್ಲೇಟಿನ ಸದ್ದನ್ನು ತೊಳೆಯುತ್ತಾರೆ. ಆ ಸದ್ದಿನ ಜೊತೆಗೆ ತಂಬೂರಿಯ ಗುಂಗೂ ಗಾಯಕಿಯ ಉಸಿರೂ ತೊಳೆದುಹೋಗುತ್ತವೆ. ಅನಂತರ ಬೋಳಾದ ಕಂಠಕ್ಕೆ ಗವಿಯ ಪ್ರತಿಧ್ವನಿ ಕಟ್ಟಿ, ಯಂತ್ರದ ತಾಳ ಹಾಕಿ, ಹೊಸದೆಂದು ಹಂಚುತ್ತಾರೆ. ಶಾಸನದ ಅಕ್ಷರ ಸವೆದಿದೆಯೆಂದು ಉಳಿ ಹಿಡಿದು ಮತ್ತೆ ಕೊರೆದು ಬಣ್ಣ ಬಳಿದರೆ ಸುಮ್ಮನಿರುತ್ತೇವೆಯೇ? ಇಳಕಲ್ಲಿನ ನೇಕಾರ ಸೀರೆಯ ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಸೇರಿಸುತ್ತಾನೆ. ಆ ಜೋಡಣೆಯನ್ನು ಆತ ಮುಚ್ಚಿಡುವುದಿಲ್ಲ; ಅದೇ ಆ ಸೀರೆಯ ಗುರುತು. ಈ ಹೊಸ ಹಾಡುಗಳಲ್ಲಿ ಯಾವುದು ಒಡಲು, ಯಾವುದು ಸೆರಗು ಎಂದು ಹೇಳುವ ಪ್ರಾಮಾಣಿಕತೆಯೂ ಇಲ್ಲ.

ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗ ಅಮೆರಿಕದ ಜಾಝ್ ಪ್ಲೇಟುಗಳನ್ನು ಸಾವಿರಗಟ್ಟಲೆ ರೂಪಾಯಿ ಸುರಿದು ತರಿಸುತ್ತಾನೆ. ಅವನಿಂದ ಒಂದು ಕಥೆ ತಿಳಿಯಿತು. ಮೈಲ್ಸ್ ಡೇವಿಸ್ ಎಂಬ ತುತ್ತೂರಿ ವಾದಕ 1959ರಲ್ಲಿ ನ್ಯೂಯಾರ್ಕಿನಲ್ಲಿ, ಹಿಂದೆ ಇಗರ್ಜಿಯಾಗಿದ್ದ ಸ್ಟುಡಿಯೋದಲ್ಲಿ ಎರಡೇ ದಿನ ಕೂತು 'ಕೈಂಡ್ ಆಫ್ ಬ್ಲೂ' ಎಂಬ ಮುದ್ರಿಕೆಯನ್ನು ಮಾಡಿದ. ಮೊದಲ ದಿನ ಟೇಪಿನ ಯಂತ್ರ ತುಸು ನಿಧಾನವಾಗಿ ಓಡಿದ್ದರಿಂದ ಪ್ಲೇಟಿನ ಒಂದು ಇಡೀ ಮಗ್ಗುಲು ಶ್ರುತಿಯಲ್ಲಿ ಕೂದಲೆಳೆಯಷ್ಟು ಮೇಲಾಯಿತು. ಅವರು ಅದನ್ನು ಪತ್ತೆ ಹಚ್ಚಿ, ಸರಿಯಾಗಿ ಓಡಿದ್ದ ಎರಡನೆಯ ಯಂತ್ರದ ಟೇಪನ್ನು ಹುಡುಕಿ ತೆಗೆದು, 1990ರ ದಶಕದಲ್ಲಿ ತಿದ್ದಿದರು. ಮೂವತ್ತು ವರ್ಷದ ಮೇಲೆ, ಕೂದಲೆಳೆಯ ಶ್ರುತಿಗಾಗಿ! ಇದಕ್ಕೆ ಉಳಿಸುವುದೆಂದು ಹೆಸರು. ಇಂಥ ಪ್ಲೇಟನ್ನು ಕೊಳ್ಳುವ ನಮ್ಮ ಹುಡುಗರನ್ನು ನಾನು ಬೈಯಲಾರೆ. ಆದರೆ ಬೀಳಗಿಯ ಅಮೀರಬಾಯಿ ಯಾರೆಂದು ಕೇಳಿದಾಗ ನನ್ನ ಅಣ್ಣನ ಮಗ ಮುಖ ನೋಡಿದ.

ಅಮೀರಬಾಯಿ ಕರ್ನಾಟಕಿ ನಮ್ಮ ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯವರು. ಅಕ್ಕ ಗೌಹರಬಾಯಿ ಬಾಲಗಂಧರ್ವರ ನಾಟಕ ಮಂಡಳಿಯಲ್ಲಿ ಹಾಡಿ ನಟಿಸಿದವರು. ತಂಗಿ ಮುಂಬಯಿಯ ಚಿತ್ರರಂಗದಲ್ಲಿ ಬೆಳಗಿದವರು. 1943ರ 'ಕಿಸ್ಮತ್' ಚಿತ್ರದಲ್ಲಿ ಅನಿಲ್ ಬಿಶ್ವಾಸರ ಸಂಗೀತಕ್ಕೆ ಅವರು ಹಾಡಿದ್ದು ದೇಶದ ಬಾಯಲ್ಲೆಲ್ಲ ನಲಿದಾಡಿತು. ಆ ಚಿತ್ರ ಕಲಕತ್ತೆಯ ಒಂದೇ ಟಾಕೀಸಿನಲ್ಲಿ ಮೂರು ವರ್ಷದ ಮೇಲೆ ಓಡಿತು. ಹೆಸರೇ ಸಿಗದ ಕಾಲವದು. ಗಂಗೂಬಾಯಿಯವರ ಮೊದಮೊದಲ ಪ್ಲೇಟುಗಳ ಮೇಲೆ 'ಗಾಂಧಾರಿ' ಎಂದು ಅಚ್ಚಾಯಿತು. 1949ರ 'ಮಹಲ್' ಚಿತ್ರದ ಪ್ಲೇಟಿನ ಮೇಲೆ ಲತಾರ ಹೆಸರಿನ ಬದಲು ಪಾತ್ರದ ಹೆಸರು ಬಂತು. ಪಕ್ಕವಾದ್ಯದವರ ಹೆಸರನ್ನಂತೂ ಬಹುಮಟ್ಟಿಗೆ ಕಾಣಿಸುತ್ತಲೇ ಇರಲಿಲ್ಲ. ಅಂಥ ಕಾಲದಲ್ಲಿ ಬೀಳಗಿಯ ಅಕ್ಕತಂಗಿಯರು ತಮ್ಮ ಹೆಸರಿಗೆ ನಾಡಿನ ಹೆಸರನ್ನು ಕಟ್ಟಿಕೊಂಡು ಹೋದರು. ನಾಡು ಇನ್ನೂ ಒಂದಾಗಿರಲಿಲ್ಲ. ಕರ್ನಾಟಕವೆಂದು ರಾಜ್ಯಕ್ಕೆ ಹೆಸರಾದದ್ದು 1973ರಲ್ಲಿ. ಅಕ್ಕ 1964ರಲ್ಲಿ, ತಂಗಿ 1965ರಲ್ಲಿ ತೀರಿಕೊಂಡರು. ಅವರು ನಮ್ಮನ್ನು ಹೆಸರಿನಲ್ಲಿಟ್ಟುಕೊಂಡರು. ನಾವು ಅವರನ್ನು ಎಲ್ಲಿಟ್ಟುಕೊಂಡೆವು? ರಹಮತ್ ತರೀಕೆರೆಯವರು ಅಮೀರಬಾಯಿಯ ಮೇಲೆ ಪುಸ್ತಕ ಬರೆದು ನಮ್ಮ ಮಾನ ಉಳಿಸಿದರು. ಆದರೆ ಪುಸ್ತಕ ಹಾಡುವುದಿಲ್ಲ.

ಏನು ಮಾಡಬೇಕೆಂದು ಕೇಳುವವರಿಗೆ ನನ್ನ ಉತ್ತರ ದೊಡ್ಡದಲ್ಲ. ಮನೆಯ ಅಟ್ಟದ ಮೇಲೆ ಪ್ಲೇಟಿದ್ದರೆ ಅದನ್ನು ಅಡ್ಡ ಪೇರಿಸದೆ ನೆಟ್ಟಗೆ ನಿಲ್ಲಿಸಿರಿ. ಅರಗಿನಲ್ಲಿ ಕಲ್ಲಿನ ಪುಡಿ ಕಲಸಿ ಮಾಡಿದ ವಸ್ತುವದು, ಬಿಸಿಲಿಗೆ ಸೊಟ್ಟಗಾಗುತ್ತದೆ, ಬಿದ್ದರೆ ಹಂಚಿನಂತೆ ಒಡೆಯುತ್ತದೆ. ಚೀಟಿಯ ಮೇಲಿನ ಹೆಸರನ್ನೂ, ಚೀಟಿಯ ಸುತ್ತ ಕೊರೆದ ಅಂಕಿಯನ್ನೂ ಬರೆದಿಡಿರಿ. ಶಾಸನಕ್ಕೆ ತೇದಿಯಿದ್ದಂತೆ ಅದು. ಹಾಡನ್ನು ನಕಲು ಮಾಡಿಸುವಾಗ ಶ್ರುತಿ ಬಲ್ಲವರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಸುತ್ತು ಸರಿಮಾಡಿಸಿರಿ, ಏನನ್ನೂ ಸೇರಿಸಬೇಡಿರಿ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಸಾಲಾಗಿ ಡೇರೆ ಹೊಡೆಯುತ್ತವೆ. ಆ ಸಾಲಿನ ಕೊನೆಗೆ ಒಂದು ಚಿಕ್ಕ ಡೇರೆ ಇರಲಿ, ಒಳಗೆ ಒಂದು ಪೆಟ್ಟಿಗೆ, ಹತ್ತು ಚಾಪೆ. ಹಾಡುವ ಮೊದಲು ಹಾಡಿದವರ ಹೆಸರು ಹೇಳಲಿ, ಊರು ಹೇಳಲಿ. ಅಷ್ಟು ಸಾಕು.

ನನ್ನ ಏಳು ಪ್ಲೇಟುಗಳನ್ನು ಆ ಡೇರೆಗೆ ಕೊಡುತ್ತೇನೆ. ಉಳಿದ ಮೂವತ್ತಮೂರಕ್ಕೆ ಯಾರಲ್ಲಿ ಕ್ಷಮೆ ಕೇಳಲಿ? ನಮ್ಮ ತಂದೆಯವರಂತೂ ಇಲ್ಲ. ಹಳೆಯ ಮನೆಯ ಜಾಗದಲ್ಲಿ ನೀರು ನಿಂತಿದೆ. ಆದರೆ ಆ ಪ್ಲೇಟುಗಳನ್ನು ಒಯ್ದದ್ದು ನೀರಲ್ಲ, ನಾನು.